ಕನಿಷ್ಠ ಇಷ್ಟು ದೂರ

ಮೇ 11, 2025, ಭಾನುವಾರ

ರಜೆಗೆ ಬಂದಿರುವ ಅಕ್ಕನ ಮಗ ಬೆಳಗ್ಗೆ ದೋಸೆ ತಿನ್ನುತ್ತಾ ಕೇಳಿದ: "ಮಾಮ, ಆಕಾಶದಲ್ಲಿ ದೂರ ಅಳೆಯೋಕೆ ಟೇಪಿನ ಆ ತುದಿ ಯಾರು ಹಿಡ್ಕೋತಾರೆ?"

ಪ್ರಶ್ನೆ ತಮಾಷೆಯದ್ದಲ್ಲ. ಗಾಮಾ ಕಿರಣ ಸ್ಫೋಟಗಳ, ಅಂದರೆ ಆಕಾಶದಲ್ಲಿ ಎಲ್ಲೋ ಫಕ್ಕನೆ ಹೊಳೆದು ಮರೆಯಾಗುವ ಗಾಮಾ ಕಿರಣಗಳ ವಿಷಯದಲ್ಲಿ ಸುಮಾರು 30 ವರ್ಷ ಎಲ್ಲರೂ ಸಿಕ್ಕಿಬಿದ್ದಿದ್ದು ಇಲ್ಲೇ. 1967ರಲ್ಲಿ ವೇಲಾ ಉಪಗ್ರಹಗಳಿಗೆ ಮೊದಲ ಸ್ಫೋಟ ಕಂಡಿತು. ಅವು ಎಷ್ಟು ದೂರದಲ್ಲಿವೆ ಅನ್ನೋ ಖಗೋಳ ವಿಜ್ಞಾನಿಗಳ ಜಗಳ 1995ರಲ್ಲೂ ವಾಷಿಂಗ್ಟನ್ನಿನ ವೇದಿಕೆಯಲ್ಲಿ ಮುಗಿದಿರಲಿಲ್ಲ. ನಮ್ಮ ಗ್ಯಾಲಕ್ಸಿಯ ಸುತ್ತಮುತ್ತಲೇ ಅಂದವರು ಡೊನಾಲ್ಡ್ ಲ್ಯಾಂಬ್. ಇಲ್ಲ, ತುಂಬಾ ದೂರ ಅಂದವರು ಬೋಡಾನ್ ಪಚಿನ್ಸ್ಕಿ.

1997ರ ಮೇ 8ರಂದು ಬೆಪ್ಪೋಸ್ಯಾಕ್ಸ್ ಉಪಗ್ರಹ ಒಂದು ಸ್ಫೋಟವನ್ನು ಹಿಡಿಯಿತು. ಉರಿ ಕೆಲವೇ ಸೆಕೆಂಡು, ಆದರೆ ಕೆಂಡ ದಿನಗಟ್ಟಲೆ ಉಳಿಯಿತು. ಮೇ 11ರಂದು, ಅಂದರೆ ಸರಿಯಾಗಿ 28 ವರ್ಷದ ಹಿಂದೆ, ಹವಾಯಿಯ ಕೆಕ್ ದೂರದರ್ಶಕ ಆ ಕೆಂಡದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿತು. ಮಧ್ಯೆ ಮಧ್ಯೆ ಕಪ್ಪು ಗೆರೆಗಳು. ದಾರಿಯಲ್ಲಿದ್ದ ಅನಿಲ ಆ ಬಣ್ಣಗಳನ್ನು ನುಂಗಿತ್ತು.

ಅಮ್ಮನ ಹೊಲಿಗೆ ಡಬ್ಬಿಯಿಂದ ಒಂದು ತುಂಡು ಎಲಾಸ್ಟಿಕ್ ತೆಗೆದು, ಪೆನ್ನಿನಿಂದ ಎರಡು ಗೆರೆ ಎಳೆದೆ. ಆ ಅನಿಲದಲ್ಲಿನ ಮೆಗ್ನೀಸಿಯಂ ಹಾಕುವ ಗೆರೆಗಳು ಜೋಡೆತ್ತಿನ ಹಾಗೆ, ಯಾವಾಗಲೂ ಜೊತೆಗೇ. ಲ್ಯಾಬಿನಲ್ಲಿ ಅವುಗಳ ಅಲೆಯುದ್ದ 2796 ಮತ್ತು 2803 ಆಂಗ್‌ಸ್ಟ್ರಾಮ್, ಕಣ್ಣಿಗೆ ಕಾಣದ ಅತಿನೇರಳೆ. ಕೆಕ್‌ನಲ್ಲಿ ಸಿಕ್ಕಿದ್ದು ಹಸಿರಿನಲ್ಲಿ, 5131 ಮತ್ತು 5144ರ ಹತ್ತಿರ. ಬ್ರಹ್ಮಾಂಡ ಹಿಗ್ಗಿದ ಹಾಗೆ ಬೆಳಕಿನ ಅಲೆಯೂ ಹಿಗ್ಗುತ್ತದೆ ಅಂತ ಎಲಾಸ್ಟಿಕ್ ಎಳೆದೆ. ಗೆರೆಗಳು ಸರಿದವು, ನಡುವಿನ ಜಾಗವೂ ಹಿಗ್ಗಿತು. ಕೆಕ್ಕಿನ ಸಂಖ್ಯೆಯನ್ನು ಲ್ಯಾಬಿನದ್ದರಿಂದ ಭಾಗಿಸಿ ನೋಡು ಅಂದೆ. ಮೊಬೈಲಿನಲ್ಲಿ ಒತ್ತಿದ: ಎರಡಕ್ಕೂ 1.835. ಕಬ್ಬಿಣದ ಗೆರೆಗಳೂ ಅದನ್ನೇ ಹೇಳಿದ್ದವು. ಬ್ರಹ್ಮಾಂಡ ಅಷ್ಟು ಪಟ್ಟು ಹಿಗ್ಗುವಷ್ಟು ಹೊತ್ತು ಬೆಳಕು ನಡೆದಿದೆ. ಈಗಿನ ಲೆಕ್ಕದಲ್ಲಿ ಸುಮಾರು 700 ಕೋಟಿ ವರ್ಷ. ಅದು ಹೊರಟಾಗ ಭೂಮಿಯೇ ಇರಲಿಲ್ಲ.

"ಆದ್ರೆ ಗೆರೆ ಹಾಕಿದ್ದು ದಾರೀಲಿದ್ದ ಅನಿಲ ಅಲ್ವಾ? ಸ್ಫೋಟ ಇನ್ನೂ ಹಿಂದೆ ಇರಬಹುದಲ್ಲ?"

ಹುಡುಗ ಜಾಣ. ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟವೂ ಅದೇ. ಬೆಂಗಳೂರಿಗೆ ಬಂದ ಬಸ್ಸಿನ ಚಕ್ರದಲ್ಲಿ ಶಿರಾಡಿ ಘಾಟಿಯ ಮಣ್ಣಿದ್ದರೆ ಅದು ಘಾಟಿಯಿಂದಾಚೆ ಹೊರಟಿದ್ದು ಅಂತ ಗೊತ್ತಾಗುತ್ತದೆ. ಮಂಗಳೂರೋ ಕುಂದಾಪುರವೋ ಗೊತ್ತಾಗಲ್ಲ. ಅಂದು ವಿಜ್ಞಾನಿಗಳು ಹೇಳಿದ್ದೂ ಅಷ್ಟೇ: 1.835ರಲ್ಲಿ ಒಂದು ಕಳೆದರೆ ಬರುವ ಹಿಗ್ಗಿನ ಅಳತೆ, 0.835 ರೆಡ್‌ಶಿಫ್ಟ್, ಕನಿಷ್ಠ. ಇನ್ನೂ ತುಂಬಾ ಹಿಂದಿನಿಂದ ಬಂದಿದ್ದರೆ ದಾರಿಯ ಹೈಡ್ರೋಜನ್ ಮೋಡಗಳು ಹಾಕಿದ ಗೆರೆಗಳ ಪೊದೆಯೇ ಕಾಣಬೇಕಿತ್ತು, ಕಾಣಲಿಲ್ಲ. ಹಾಗಾಗಿ ಮೇಲಿನ ಮಿತಿ ಸುಮಾರು 2.3. ಪಚಿನ್ಸ್ಕಿ ಗೆಲ್ಲೋಕೆ ಆ "ಕನಿಷ್ಠ"ವೇ ಸಾಕಾಯಿತು.

ಕೆಂಡ ಆರಿದ ಮೇಲೆ ಅದೇ ಜಾಗದಲ್ಲಿ ಒಂದು ಮಸುಕಾದ ಪುಟ್ಟ ಗ್ಯಾಲಕ್ಸಿ ಕಂಡಿತು. ಅದರ ಆಮ್ಲಜನಕದ ಗೆರೆಯೂ 0.835 ಅಂದಿತು. ಮಣ್ಣು ದಾರಿಯದ್ದಲ್ಲ, ಹೊರಟ ಊರಿನದ್ದೇ.

ಇಂಥ ಕೆಂಡಗಳನ್ನು ಲಡಾಖಿನ ಹಾನ್ಲೆಯ ದೂರದರ್ಶಕವೂ ನೋಡುತ್ತದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ ಅಂದಾಗ ಅವನು ನಂಬಲಿಲ್ಲ. ಅವನಿಗೆ ಹೊಸಕೋಟೆ ಅಂದರೆ ಬಿರಿಯಾನಿ.

ಎಲಾಸ್ಟಿಕ್ ಮೇಲಿನ ಗೆರೆ ಉಜ್ಜಿದರೂ ಹೋಗಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.