ಬೆಂಗಳೂರಿನ 91, ಬಜ್ಪೆಯ 93

"ಹತ್ತು ನಿಮಿಷ ಕಾದರೆ ನಿಮ್ಮದೆಂತ ಹೋಗ್ತದೆ ಮಾರಾಯ್ರೆ?" ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಗೇಟಿನಲ್ಲಿ ಕೆಲಸಕ್ಕೆ ನಿಲ್ಲುವ ನಾವು ಈ ಮಾತು ಕೇಳದ ವಾರ ಇಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಅದೇ ಸರಿ ಅನ್ನಿಸುತ್ತಿತ್ತು. ಮೊದಲಿನ ವಿಮಾನ ತಡವಾದರೆ, ನಡುವೆ ವಿಮಾನ ಬದಲಿಸುವ ಪ್ರಯಾಣಿಕರು ಏನು ಮಾಡಿಯಾರು? ಮುಂದಿನ ವಿಮಾನ ಸ್ವಲ್ಪ ನಿಂತರೆ ಆಯ್ತಲ್ಲ.

ನನ್ನ ಲೆಕ್ಕ ತಪ್ಪಿಸಿದ್ದು ಡಿಲೇ ಕೋಡ್. ವಿಮಾನ ಯಾಕೆ ತಡ ಎಂದು ಬರೆಯಲು ಸಂಖ್ಯೆಗಳಿವೆ. ಬೇರೆ ವಿಮಾನದಿಂದ ಬರುವವರಿಗೆ ಕಾದರೆ 91. ವಿಮಾನವೇ ಹಿಂದಿನ ಊರಿಂದ ತಡವಾಗಿ ಬಂದರೆ 93. ಬೆಳಿಗ್ಗೆ ಬೆಂಗಳೂರಲ್ಲಿ ಯಾರಿಗೋ ಕಾದು 91 ಬರೆದರು ಅಂತಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ಅದೇ ವಿಮಾನ ಇಲ್ಲಿಗೆ ಬರ್ತದೆ, ನಾವು 93 ಬರೀತೇವೆ. ಮತ್ತೆ ಬೆಂಗಳೂರು, ಅಲ್ಲಿಂದ ಇನ್ನೆಲ್ಲಿಗೋ. ಸಂಜೆಯವರೆಗೂ 93ರ ಮೆರವಣಿಗೆ. ಕಾದದ್ದು ಹತ್ತು ಜನರಿಗೆ; ಅದರ ಸಾಲ ತೀರಿಸುವುದು ಅವರನ್ನು ನೋಡಿಯೇ ಇರದ ಇನ್ನೂರು ಮುನ್ನೂರು ಜನ.

ಅಂಥದೊಂದು 93ರ ಬೆಳಿಗ್ಗೆ ಗೇಟಿನಲ್ಲಿ ಉಡುಪಿ ಬಳಿಯ ಶಂಕರಪುರದ ಕಡೆಯ ಅಮ್ಮ ಒಬ್ಬರು ಕೂತಿದ್ದರು. ಬೆಂಗಳೂರಲ್ಲಿ ವಿಮಾನ ಬದಲಿಸಿ ಪುಣೆಗೆ, ಮಗಳ ಸೀಮಂತಕ್ಕೆ. ಮಡಿಲಲ್ಲಿ ಬಾಳೆಲೆಯಲ್ಲಿ ಸುತ್ತಿದ ಒಂದು ಅಟ್ಟೆ ಮಲ್ಲಿಗೆ, ಅಂದರೆ ನಾಲ್ಕು ಚೆಂಡು. ಎಲೆ ಒಣಗದ ಹಾಗೆ ಆಗಾಗ ಬಾಟಲಿಯ ನೀರು ಬೆರಳಲ್ಲಿ ಚಿಮುಕಿಸುತ್ತಿದ್ದರು.

"ಬೆಂಗಳೂರಲ್ಲಿ ಕಾಯ್ತಾರಲ್ಲ ಮಗಾ?"

"ಕಾಯ್ತಾರೆ ಅಮ್ಮ, ಹೆದರಬೇಡಿ."

ಕಾಯಲಿಲ್ಲ. ಕಾಯದ್ದು ತಪ್ಪೂ ಅಲ್ಲ. ಪುಣೆಗೆ ಹೋಗುವ ಆ ವಿಮಾನಕ್ಕೆ ಇಡೀ ದಿನದ ಓಡಾಟ ಬಾಕಿಯಿತ್ತು. ತಪ್ಪು ನನ್ನದು. ಕಾಯುವುದು ಬಿಡುವುದು ವಿಮಾನ ಸಂಸ್ಥೆಯ ಕಂಟ್ರೋಲ್ ರೂಮಿನವರ ತೀರ್ಮಾನ, ಗೇಟಿನವರದ್ದಲ್ಲ. ನನ್ನದಲ್ಲದ ಮಾತನ್ನು ನಾನು ಕೊಟ್ಟೆ. ಮಧ್ಯಾಹ್ನ ಇಲ್ಲಿಂದ ಮುಂಬೈ ಮಾರ್ಗವಾಗಿ ಅವರಿಗೆ ಸೀಟು ಇತ್ತು, ಎರಡೂ ವಿಮಾನಕ್ಕೆ ಒಂದೇ ಟಿಕೆಟ್ ಆದ್ದರಿಂದ ಬದಲಿಸುವುದು ಐದು ನಿಮಿಷದ ಕೆಲಸ. ಸಾಲು ಉದ್ದ ಇತ್ತು ಅಂತ ಸಿಸ್ಟಮ್ ತೆರೆದೇ ನೋಡಲಿಲ್ಲ. ಅವರು ರಾತ್ರಿಯವರೆಗೆ ಬೆಂಗಳೂರಲ್ಲಿ ಕೂತರು. ವಾಪಸ್ ಬಂದಿಳಿದ ದಿನ ನನ್ನ ಗುರುತು ಹಿಡಿದು, ಬೈಯದೆ, "ಕಾಯ್ಲಿಲ್ಲ ಮಗಾ" ಅಂದರು, ಅಷ್ಟೆ.

ಹಾಗಾದರೆ ಯಾರಿಗೂ ಕಾಯಬಾರದೇ? ನನ್ನನ್ನು ಕೇಳಿದರೆ, ದಿನದ ಮೊದಲ ವಿಮಾನ ಕಾಯಬಾರದು, ಕೊನೆಯದು ಕಾಯಬೇಕು. ಮುಂಬೈಯಿಂದ ರಾತ್ರಿ ಇಲ್ಲಿಗೆ ಬಂದು ತಂಗುವ ವಿಮಾನ ಅರ್ಧ ಗಂಟೆ ತಡವಾದರೆ ಮತ್ಯಾರ ಕನೆಕ್ಷನ್ನೂ, ಅಂದರೆ ಹಿಡಿಯಬೇಕಾದ ಮುಂದಿನ ವಿಮಾನವೂ, ತಪ್ಪುವುದಿಲ್ಲ. ಅದರಲ್ಲಿ ಗಲ್ಫಿನಿಂದ ಎರಡು ವರ್ಷಕ್ಕೊಮ್ಮೆ ಬರುವವರಿರ್ತಾರೆ, ಅವರಿಗೆ ಬೈಂದೂರಿನಿಂದ ಕಾರು ಬಂದು ನಿಂತಿರ್ತದೆ. ತಪ್ಪಿದರೆ ಮುಂಬೈಯಲ್ಲೇ ರಾತ್ರಿ. ಪೈಲಟ್‌ಗಳ ಡ್ಯೂಟಿ ಅವಧಿ ಮೀರದಿದ್ದರೆ ಖಂಡಿತ ಕಾಯಲಿ. ಬ್ಯಾಗಿನ ಕತೆ ಬೇರೆ. ಜನ ಗೇಟಿಂದ ಗೇಟಿಗೆ ಓಡಿ ಬಂದಾರು, ಬ್ಯಾಗ್ ಓಡುವುದಿಲ್ಲ. ಎಷ್ಟೋ ಸಲ ಜನರನ್ನು ಹತ್ತಿಸಿಕೊಂಡರೂ ಬ್ಯಾಗ್ ಮರುದಿನವೇ ಬರುವುದು. ಮದುವೆ ಸೀರೆ ಅದರೊಳಗಿದ್ದರೆ ಆ ಬೈಗುಳವೂ ನಮಗೇ.

ಈಗ 93 ಎಂದು ಗೊತ್ತಾದ ಕೂಡಲೇ ಮೊದಲು ಕನೆಕ್ಷನ್ ಇರುವವರ ಪಟ್ಟಿ ತೆಗೀತೇನೆ. ಬೆಂಗಳೂರಲ್ಲಿ ಒಂದು ಗಂಟೆಗಿಂತ ಕಡಿಮೆ ಸಮಯ ಇರುವವರನ್ನು ಹೆಸರು ಹಿಡಿದು ಕರೀತೇನೆ. "ಕಾಯ್ತಾರಾ?" ಅಂದರೆ, "ಹೇಳ್ಲಿಕ್ಕಾಗುದಿಲ್ಲ, ಬನ್ನಿ, ಬೇರೆ ಸೀಟು ನೋಡುವ." ಕೆಲವರಿಗೆ ಸಿಟ್ಟು ಬರ್ತದೆ. ಮೊನ್ನೆ ಒಬ್ಬರು, "ಕಾಯ್ತಾರೆ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಕಷ್ಟ?" ಅಂದರು.