ಕುಕ್ಕರ್ ಇಲ್ವಾ ನಿಮ್ಮನೇಲಿ?

ಭಾನುವಾರ ನಮ್ಮ ಮನೆಗೆ ಯಾರೇ ಬಂದರೂ ಒಂದು ಸಲ ಅಡುಗೆಮನೆಗೆ ಇಣುಕುತ್ತಾರೆ, ಒಲೆ ಮೇಲೆ ಮುಚ್ಚಳ ಅರ್ಧ ಸರಿಸಿಟ್ಟ ಪಾತ್ರೆ ನೋಡುತ್ತಾರೆ, ಒಳಗೆ ಕಾಳು ಕುದಿಯುತ್ತಿರುತ್ತೆ, ತಕ್ಷಣ ಕೇಳುತ್ತಾರೆ: "ಕುಕ್ಕರ್ ಇಲ್ವಾ ನಿಮ್ಮನೇಲಿ?" ನನ್ನ ತಂಗಿಯಂತೂ ಬಂದಾಗೆಲ್ಲ ಕೇಳುತ್ತಾಳೆ. ಆಫೀಸಿನವರು ಕೇಳಿದ್ದಾರೆ, ಗ್ಯಾಸ್ ಸಿಲಿಂಡರ್ ತಂದುಕೊಟ್ಟ ಹುಡುಗನೂ ಕೇಳಿದ್ದಾನೆ.

ಇದೆ ಕಣ್ರೀ. ಒಂದಲ್ಲ, ಎರಡಿವೆ. ಮೂರು ಲೀಟರಿನದು ನಾವೇ ತಂದಿದ್ದು, ಐದು ಲೀಟರಿನದು ಮದುವೆಗೆ ಉಡುಗೊರೆ ಬಂದಿದ್ದು. ಅನ್ನ, ತೊಗರಿಬೇಳೆ, ಆಲೂಗಡ್ಡೆ ಎಲ್ಲಾ ಅದರಲ್ಲೇ. ಇಡೀ ಕಾಳು ಮಾತ್ರ ಪಾತ್ರೆಯಲ್ಲಿ. ಅಲಸಂದೆ, ಅವರೆ, ಹುರುಳಿ, ಮಡಿಕೆ, ಹೆಸರು, ಯಾವುದಾದರೂ ಸರಿ.

ಸುಮಾರು ಜನ ಇದು ಭಯ ಅಂದುಕೊಂಡಿದ್ದಾರೆ. ಅದಕ್ಕೆ ಕಾರಣವೂ ಇದೆ. ಕೆಲವು ವರ್ಷದ ಹಿಂದೆ ಹೆಸರುಕಾಳನ್ನು ಕುಕ್ಕರಿಗೆ ಹಾಕಿ, ಕಂಠಪೂರ್ತಿ ನೀರು ಹೊಯ್ದು, ಟೀವಿ ಮುಂದೆ ಕೂತಿದ್ದೆ. ಕಾಳು ಬೇಯುವಾಗ ನೊರೆ ಉಕ್ಕುತ್ತೆ, ಸಿಪ್ಪೆ ಬಿಟ್ಟು ಮೇಲೆ ತೇಲುತ್ತೆ, ಅದು ಹೋಗಿ ವಿಷಲ್ ಕೂರುವ ತೂತಿಗೆ ಅಡ್ಡ ನಿಲ್ಲುತ್ತೆ. ನನಗೇನು ಗೊತ್ತು? ವಿಷಲ್ ಬರಲಿಲ್ಲ, ಸೇಫ್ಟಿ ವಾಲ್ವ್ ಹೋಯಿತು. ಫ್ಯಾನಿನ ಪಕ್ಕ ಸೀಲಿಂಗ್ ಮೇಲೆ ಹಸಿರು ಕಲೆ ಇವತ್ತಿಗೂ ಇದೆ. ಎರಡು ಸಲ ಬಣ್ಣ ಹೊಡೆಸಿದ್ದೀವಿ, ಮತ್ತೆ ಮೇಲೆದ್ದು ಬರುತ್ತೆ. ಕುಕ್ಕರಿನಲ್ಲಿ ಕಾಳು ಇಡುವವರು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಒಂದು ಚಮಚ ಎಣ್ಣೆ ಹಾಕಿ, ನೊರೆ ತಗ್ಗುತ್ತೆ. ಆದರೆ ನಾನು ಪಾತ್ರೆ ಹಿಡಿದಿದ್ದು ಆ ಭಯಕ್ಕಲ್ಲ. ಆಸೆಗೆ.

ಆಸೆ ಶುರುವಾಗೋದು ಶನಿವಾರವೇ. ನಮ್ಮ ದಾವಣಗೆರೆಯ ಮಂಡಿಪೇಟೆಯಿಂದ ತಂದ ಅಲಸಂದೆಯನ್ನು ಮೊರಕ್ಕೆ ಸುರಿದು ಟ್ಯೂಬ್‌ಲೈಟ್ ಕೆಳಗೆ ಹಸನು ಮಾಡುತ್ತೇನೆ. ಪ್ಯಾಕೆಟ್ ಕಾಳಿನಲ್ಲಿ ಕಲ್ಲು ಇರಲ್ಲ, ಅದು ನಿಜ, ಆದರೆ ಅದು ಯಾವ ಕಾಲದ ಕಾಳು ಅಂತ ಗೊತ್ತಾಗಲ್ಲ. ಹಳೇ ಕಾಳು ಎಷ್ಟು ಬೇಯಿಸಿದರೂ ಒಳಗೆ ಹರಳಿನ ತರ ಉಳಿಯುತ್ತೆ. ಒಂದೂವರೆ ಪಾವು ಕಾಳನ್ನು ತೊಳೆದು ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿ. ಸಿಪ್ಪೆ ಮೊದಲು ನೀರು ಕುಡಿದು ಹಿಗ್ಗಿರುತ್ತೆ, ಒಳಗಿನ ಬೇಳೆ ಇನ್ನೂ ಹಾಗೇ ಇರುತ್ತೆ, ಹಾಗಾಗಿ ಕಾಳೆಲ್ಲ ಬಟ್ಟೆ ಒಗೆದ ಬೆರಳಿನ ತರ ಸುಕ್ಕುಗಟ್ಟಿರುತ್ತವೆ. ಬೆಳಿಗ್ಗೆ ಹೊತ್ತಿಗೆ ಒಳಗಿನದೂ ಉಬ್ಬಿ ಸುಕ್ಕು ಮಾಯ. ನನ್ನ ಮಗಳು ಚಿಕ್ಕವಳಿದ್ದಾಗ "ಕಾಳಿಗೆ ವಯಸ್ಸಾಗಿ ಮತ್ತೆ ಕಡಿಮೆಯಾಯ್ತು" ಅಂದಿದ್ದಳು.

ನೆನೆಸುವ ನೀರಿಗೆ ನಾನು ಉಪ್ಪು ಹಾಕುತ್ತೇನೆ. ಇದಕ್ಕೆ ನಮ್ಮಮ್ಮನ ವಿರೋಧವಿದೆ, ಉಪ್ಪು ಬಿದ್ದರೆ ಕಾಳು ಬೇಯಲ್ಲ ಅಂತ ಅವರ ವಾದ. ನಿಜ ಹೇಳಬೇಕೆಂದರೆ ಉಲ್ಟಾ. ಸಿಪ್ಪೆ ಬಿಗಿಯಾಗಿರೋದು ಅದರಲ್ಲಿರುವ ಪೆಕ್ಟಿನ್ ಅನ್ನೋ ಅಂಟಿನಿಂದ, ಆ ಅಂಟನ್ನು ಹಿಡಿದಿಟ್ಟಿರೋದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಬಂದು ಅವುಗಳ ಜಾಗದಲ್ಲಿ ಕೂತರೆ ಸಿಪ್ಪೆ ಮೆತ್ತಗಾಗುತ್ತೆ. ಬೇಯೋದನ್ನು ನಿಜವಾಗಿ ತಡೆಯೋದು ಹುಳಿ. ಹುಣಸೆಹಣ್ಣು, ಟೊಮೆಟೊ ಏನಿದ್ದರೂ ಕಾಳು ಪೂರ್ತಿ ಬೆಂದ ಮೇಲೆ. ಇದರಲ್ಲಿ ಅಮ್ಮ, ನಾನು ಇಬ್ಬರೂ ಒಂದೇ ಪಕ್ಷ.

ಈ ಕ್ಯಾಲ್ಸಿಯಂ ವಿಷಯ ನಾನು ಕಲಿತಿದ್ದು ಚಿತ್ರದುರ್ಗದಲ್ಲಿ, ಮರ್ಯಾದೆ ಕಳೆದುಕೊಂಡು. ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆ. ಬಾಡಿಗೆ ಮನೆ, ಕ್ಯಾಲ್ಸಿಯಂ ತುಂಬಿದ ಬೋರ್‌ವೆಲ್ ನೀರು. ಬಕೆಟ್ಟಿನ ಒಳಗೆಲ್ಲ ಬಿಳಿ ಪೊರೆ, ಸೋಪು ಹಚ್ಚಿದರೆ ನೊರೆಯೇ ಬರಲ್ಲ. ಆ ನೀರಿನಲ್ಲಿ ಒಣ ಅವರೆಕಾಳು ಇಟ್ಟು ನಾಲ್ಕು ಜನರನ್ನು ಊಟಕ್ಕೆ ಕರೆದಿದ್ದೆ. ಒಂದು ಗಂಟೆ ಆಯಿತು, ಎರಡಾಯಿತು. ಕಾಳು ನನ್ನನ್ನೇ ನೋಡುತ್ತಾ ಕೂತಿತ್ತು. ಬಂದವರು ಕೋಟೆ ಬಗ್ಗೆ, ಮಳೆ ಬಗ್ಗೆ, ರಾಜಕೀಯದ ಬಗ್ಗೆ ಎಲ್ಲಾ ಮಾತಾಡಿ ಮುಗಿಸಿ, ಕೊನೆಗೆ ಚಟ್ನಿಪುಡಿ ಮೊಸರು ಹಚ್ಚಿಕೊಂಡು ರೊಟ್ಟಿ ತಿಂದು ಹೋದರು. ಮರುದಿನ ಪಕ್ಕದ ಮನೆಯ ಅಜ್ಜಿ ನಕ್ಕು ಹೇಳಿದರು: "ಈ ನೀರಿಗೆ ಯಾರ ಬೇಳೇನೂ ಬೇಯಲ್ಲಪ್ಪ, ಸಿಹಿನೀರು ತಂದುಕೋ." ಬೇಳೆ ಬೇಯಲ್ಲ ಅನ್ನೋ ಮಾತನ್ನು ಅಲ್ಲಿವರೆಗೆ ಬೈಯೋಕೆ ಮಾತ್ರ ಬಳಸುತ್ತಿದ್ದೆ. ಅದನ್ನು ಮೊದಲು ಹೇಳಿದವರು ಬಯಲುಸೀಮೆಯ ಯಾವುದೋ ಸವಳು ಬಾವಿ ಪಕ್ಕ ನಿಂತಿದ್ದರೇನೋ ಅಂತ ನನ್ನ ಗುಮಾನಿ. ದಾವಣಗೆರೆಗೆ ವಾಪಸ್ ಬಂದಮೇಲೆ ನಲ್ಲಿ ನೀರು ಬರುವ ದಿನ ಕಾಳಿಗೆ ಅಂತಲೇ ಒಂದು ಕೊಡ ಎತ್ತಿಡುತ್ತೇವೆ. ಸೋಡಾ ಹಾಕಿದರೂ ಬೇಯುತ್ತೆ, ಬೇಗನೇ ಬೇಯುತ್ತೆ, ಆದರೆ ಕಾಳು ಲೊಳಕ್ ಅನ್ನುತ್ತೆ, ಇರೋ ಬಿ ವಿಟಮಿನ್ನೂ ಹಾಳು.

ಸರಿ, ಪಾತ್ರೆಗೆ ಬರೋಣ. ನೀರು ಕುದಿ ಬರೋವರೆಗೆ ಜೋರು ಉರಿ, ಬಿಳಿ ನೊರೆ ಬಂದಿದ್ದನ್ನು ಸೌಟಿನಲ್ಲಿ ತೆಗೆದುಬಿಡಿ, ಆಮೇಲೆ ಸಣ್ಣ ಉರಿ. ಕಾಳು ಕುಣಿಯಬಾರದು, ಸುಮ್ನೆ ಮಿಸುಕಾಡಬೇಕು. ನೆನೆದ ಅಲಸಂದೆಗೆ ಮುಕ್ಕಾಲು ಗಂಟೆ ಸಾಕು. ಒಣ ಅವರೆಗೆ ಗಂಟೆ ಮೇಲೆ. ಹುರುಳಿ ಅದಕ್ಕಿಂತ ಹಠಮಾರಿ. ಕುಕ್ಕರಿನಲ್ಲಿ ಮುಚ್ಚಳ ತೆಗೆದ ಮೇಲೇ ತೀರ್ಪು. ಇಲ್ಲಿ ಹಾಗಲ್ಲ, ನಡುನಡುವೆ ಎರಡು ಕಾಳು ಚಮಚದಲ್ಲಿ ತೆಗೆದು ಊದಿ ನೋಡಬಹುದು. ಉಸಿರು ತಾಗಿದ ತಕ್ಷಣ ಸಿಪ್ಪೆ ಬಿರಿದು ಸುರುಳಿಯಾದರೆ ಹತ್ತಿರ ಬಂದಿದೆ ಅಂತ. ಆಮೇಲೆ ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಬೇಕು. ಬೆಣ್ಣೆ ತರ ಅಮುಕಿಹೋಗಬೇಕು, ಆದರೆ ಪಾತ್ರೆಯಲ್ಲಿ ಇರೋದೆಲ್ಲ ಇಡಿಯಾಗಿಯೇ ಕಾಣಬೇಕು. ಆ ಹಂತ ಐದು ನಿಮಿಷ ಇರುತ್ತೆ, ಅಷ್ಟೇ.

ಆಗ ನಾನು ಒಂದು ಕೆಲಸ ಮಾಡುತ್ತೇನೆ. ಒಗ್ಗರಣೆಗೆ ಮುಂಚೆ, ಈರುಳ್ಳಿ ಖಾರ ಏನೂ ಬೀಳುವ ಮುಂಚೆ, ಒಂದು ಲೋಟಕ್ಕೆ ಕಟ್ಟು ಬಸಿದುಕೊಂಡು, ಒಂದು ಹಿಡಿ ಕಾಳು, ಚಿಟಿಕೆ ಉಪ್ಪು ಹಾಕಿ, ಒಲೆ ಪಕ್ಕ ನಿಂತೇ ಕುಡಿಯುತ್ತೇನೆ. ಕಾಳು ಬೆಂದ ನೀರಿಗೆ ಕಟ್ಟು ಅನ್ನುತ್ತೇವೆ ನಾವು. ಕುಕ್ಕರಿನಲ್ಲೂ ಕಟ್ಟು ಸಿಗುತ್ತೆ, ಒಪ್ಪುತ್ತೇನೆ, ಆದರೆ ನನ್ನ ಕೈಯಲ್ಲಿ ಅಲ್ಲಿ ಕಾಳು ಒಡೆದು ಕದಡಿ ರಾಡಿಯಾಗುತ್ತೆ. ಪಾತ್ರೆಯ ಕಟ್ಟು ತಿಳಿಯಾಗಿರುತ್ತೆ, ಸ್ವಲ್ಪ ಅಂಟಂಟು, ಲೋಟ ಖಾಲಿಯಾದರೂ ತುಟಿ ಮೇಲೆ ಇರುತ್ತೆ. ಅಲಸಂದೆಯದು ಮೆದು ರುಚಿ. ಹುರುಳಿಯದು ಕೆಂಪಗೆ, ಗಡುಸು, ಹಸಿ ಹೊಲದ ವಾಸನೆ.

ಈ ಚಟ ಅಜ್ಜಿ ಮನೆಯದು. ಜಗಳೂರು ಕಡೆ ಹಳ್ಳಿ, ಎರಡು ಎತ್ತು. ಉಳುಮೆ ದಿನಗಳಲ್ಲಿ ಎತ್ತಿಗೆ ಹುರುಳಿ ಬೇಯಿಸಿ ಹಾಕುತ್ತಿದ್ದರು. ಹಿತ್ತಲ ಒಲೆ ಮೇಲೆ ಕರಿಹಿಡಿದ ಗಡಿಗೆ, ರಾತ್ರಿಯೆಲ್ಲ ಬೂದಿ ಕೆಂಡದ ಮೇಲೆ. ಬೆಳಿಗ್ಗೆ ಬಸಿದರೆ ಕಾಳು ಎತ್ತಿಗೆ, ಕಟ್ಟು ನಮಗೆ. ಆ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬರಿ, ಒಣಮೆಣಸಿನಕಾಯಿ ಅರೆದು ಹಾಕಿ, ಹುಣಸೆರಸ ಬಿಟ್ಟು ಸಾರು ಮಾಡುತ್ತಿದ್ದರು. ಎತ್ತಿನ ಪಾಲು ಮುಟ್ಟಿದರೆ ಅಜ್ಜಿ ಬೈಯುತ್ತಿದ್ದಳು. ನಾವು ಮುಟ್ಟುತ್ತಿದ್ದೆವು. ಬಾನಿಯಿಂದ ಕದ್ದ ಬಿಸಿ ಹುರುಳಿ ಚಡ್ಡಿ ಜೇಬಿನಲ್ಲಿ ತೊಡೆ ಸುಡುತ್ತಿದ್ದದ್ದು ಇನ್ನೂ ನೆನಪಿದೆ. ಈಗ ಎತ್ತಿಲ್ಲ, ಟ್ರ್ಯಾಕ್ಟರ್ ಇದೆ. ರಾಗಿ, ಸಜ್ಜೆ ನಡುವೆ ಅವರೆ, ತೊಗರಿ, ಅಲಸಂದೆ ಹಾಕುವ ಅಕ್ಕಡಿ ಸಾಲೂ ಆ ಹೊಲದಲ್ಲಿಲ್ಲ. ಬರೀ ಮೆಕ್ಕೆಜೋಳ, ಅದಕ್ಕೆ ಕಳೆನಾಶಕ ಹೊಡೆದ ಮೇಲೆ ಅಲಸಂದೆ ಬಳ್ಳಿ ಎಲ್ಲಿ ಏಳುತ್ತೆ? ಅಕ್ಕಡಿಯಲ್ಲಿ ಕಾಳು ಪುಕ್ಕಟೆ ಬರುತ್ತಿತ್ತು, ಜೊತೆಗೆ ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಮಣ್ಣಿಗೂ ಒಂದಿಷ್ಟು ಬಿಟ್ಟು ಹೋಗುತ್ತಿದ್ದವು. ಮಾವನಿಗೆ ಇದೆಲ್ಲ ಹೇಳಿದರೆ "ನೀನು ಬಂದು ಕಳೆ ಕೀಳ್ತೀಯಾ?" ಅಂತಾನೆ. ಉತ್ತರ ಇಲ್ಲ ನನ್ನ ಹತ್ತಿರ.

ಹುರುಳಿ ನಮ್ಮ ಕಡೆಗೆ ನಿನ್ನೆ ಮೊನ್ನೆ ಬಂದಿದ್ದಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ಅಗೆದಾಗ ನವಶಿಲಾಯುಗದ ಪದರಗಳಲ್ಲಿ ಸುಟ್ಟು ಕರಕಲಾದ ಹುರುಳಿ, ಹೆಸರುಕಾಳು ಸಿಕ್ಕಿವೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ಮಾತು. ಯಾರೋ ಒಲೆ ಮೇಲಿಟ್ಟು ಮರೆತಿರಬೇಕು. ಅವರ ಮನೇಲಂತೂ ಕುಕ್ಕರ್ ಇರಲಿಲ್ಲ.

ಇಷ್ಟು ಕೇಳಿದ ಮೇಲೆ ಎಲ್ಲರೂ ಗ್ಯಾಸಿನ ವಿಷಯಕ್ಕೆ ಬರುತ್ತಾರೆ. ಅದರಲ್ಲಿ ಎರಡು ಗ್ಯಾಸ್ ಇವೆ. ಸಿಲಿಂಡರಿನ ಗ್ಯಾಸ್ ಜಾಸ್ತಿ ಖರ್ಚಾಗುತ್ತೆ, ವಾದ ಬೇಡ, ಹೌದು. ವಾರಕ್ಕೊಂದು ದಿನದ ಐಷಾರಾಮ ಅಂದುಕೊಂಡಿದ್ದೀನಿ, ಬೇರೆಯವರು ಅದೇ ದುಡ್ಡಲ್ಲಿ ಬೆಣ್ಣೆದೋಸೆ ತಿಂದು ಬರುತ್ತಾರೆ. ಹೊಟ್ಟೆಯ ಗ್ಯಾಸಿಗೆ ಕಾರಣ ಕಾಳಿನಲ್ಲಿರುವ ಒಂದು ಬಗೆಯ ಸಕ್ಕರೆ, ಅದನ್ನು ಅರಗಿಸುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಹಬ್ಬ ಮಾಡುತ್ತವೆ, ಗಾಳಿ ಬರೋದು ಅಲ್ಲಿಂದ. ನೆನೆಸಿದ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿದರೆ ಸ್ವಲ್ಪ ಕಡಿಮೆ, ಮೊಳಕೆ ಕಟ್ಟಿದರೆ ಇನ್ನೂ ಕಡಿಮೆ. ದಿನಾ ಸ್ವಲ್ಪ ಸ್ವಲ್ಪ ತಿನ್ನುವವರಿಗೆ ರೂಢಿಯಾಗುತ್ತೆ. ಅಪರೂಪಕ್ಕೆ ಒಂದು ಬಟ್ಟಲು ತಿಂದು ಕಾಳನ್ನು ಬೈಯೋದು ನ್ಯಾಯ ಅಲ್ಲ ಅಲ್ವಾ?

ಒಂದು ಎಚ್ಚರಿಕೆ, ರಾಜ್ಮಾ ಬೇಯಿಸುವವರಿಗೆ. ಅದು ಅಮೆರಿಕ ಖಂಡದಿಂದ ಬಂದ ಕಾಳು, ಅರೆಬೆಂದರೆ ವಾಂತಿ ಭೇದಿ ಗ್ಯಾರಂಟಿ, ಅದರಲ್ಲಿರುವ ಲೆಕ್ಟಿನ್ ಅನ್ನೋ ವಿಷದ ಪ್ರೋಟೀನ್ ಅಂಥದ್ದು. ಸಣ್ಣ ಉರಿಯ ಆಟ ಅದರ ಹತ್ತಿರ ಆಡಬೇಡಿ. ನೆನೆಸಿ, ನೀರು ಚೆಲ್ಲಿ, ಮೊದಲ ಹತ್ತು ನಿಮಿಷ ಕೊತಕೊತ ಕುದಿಸಲೇಬೇಕು, ಆಮೇಲೆ ನಿಮ್ಮಿಷ್ಟ.

ಊಟದ ಹೊತ್ತಿಗೆ ಅಲಸಂದೆ ಪಲ್ಯ ಆಗಿರುತ್ತೆ, ಗುರೆಳ್ಳು ಪುಡಿ ಉದುರಿಸಿ, ಜೋಳದ ರೊಟ್ಟಿ, ಹಸಿ ಈರುಳ್ಳಿ. ಉಳಿದ ಕಟ್ಟು ರಾತ್ರಿ ಸಾರಾಗುತ್ತೆ, ಆದರೆ ಅದರ ಅಸಲಿ ರುಚಿ ಸೋಮವಾರಕ್ಕೆ. ಹುಳಿ ಖಾರ ಎಲ್ಲಾ ಒಳಗೆ ಇಳಿದು, ಬಿಸಿ ಮುದ್ದೆಗೆ ಸುರಿದುಕೊಂಡರೆ ಮಾತೇ ಬೇಡ. ಸಮಸ್ಯೆ ಏನಂದರೆ ಸೋಮವಾರಕ್ಕೆ ಉಳಿಯಲ್ಲ. ಕುಕ್ಕರ್ ಇಲ್ವಾ ಅಂತ ಕೇಳುವ ತಂಗಿ ಹೋಗುವಾಗ ಸಾರಿಗೆ ಒಂದು ಡಬ್ಬಿ, ಪಲ್ಯಕ್ಕೆ ಒಂದು ಡಬ್ಬಿ ಕೇಳುತ್ತಾಳೆ. ಹೋದ ತಿಂಗಳು ಕೊಟ್ಟ ಸ್ಟೀಲ್ ಡಬ್ಬಿಗಳು ಇನ್ನೂ ವಾಪಸ್ ಬಂದಿಲ್ಲ.