ಅಂಗುಳದಲ್ಲಿ ಅಡಗಿದ್ದ ಕೋರೆಹಲ್ಲು

ಮಗಳಿಗೆ ಹದಿನಾಲ್ಕು ತುಂಬಿದರೂ ಮೇಲೆ ಬಲಗಡೆಯ ಹಾಲುಹಲ್ಲೊಂದು ಅಲ್ಲಾಡದೆ ಕೂತಿತ್ತು. ನೋವಿಲ್ಲ, ಬಾವಿಲ್ಲ. ಎರಡೂ ದವಡೆ ಒಟ್ಟಿಗೆ ಕಾಣುವ ಒಪಿಜಿ ಎಕ್ಸ್‌ರೇ ತೆಗೆಸಿದಾಗ ಗೊತ್ತಾಯಿತು: ಅದರ ಜಾಗಕ್ಕೆ ಬರಬೇಕಿದ್ದ ಕೋರೆಹಲ್ಲು ಅಂಗುಳದ ಕಡೆಗೆ ಓರೆಯಾಗಿ, ಮೂಳೆಯೊಳಗೇ ಮಲಗಿದೆ.

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಸಲಹೆಗೇನು ಬರವೇ? ಕೀಳಿಸಿ ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸುವ ಕೃತಕ ಹಲ್ಲು, ಹಾಕಿಸಿಬಿಡಿ ಅಂದವರೇ ಹೆಚ್ಚು. ದಾದರಿನ ಡಾಕ್ಟರು ಒಪ್ಪಲಿಲ್ಲ. ದವಡೆ ಬೆಳೆಯುತ್ತಿರುವ ವಯಸ್ಸಿನಲ್ಲಿ ಇಂಪ್ಲಾಂಟ್ ಹಾಕುವಂತಿಲ್ಲ; ಕೋರೆಹಲ್ಲಿನ ಬೇರು ಬಾಯಲ್ಲೇ ಅತಿ ಉದ್ದ, ಅಂಥ ಹಲ್ಲನ್ನು ಸುಮ್ಮನೆ ಕಳೆಯಬಾರದು, ಮೆಲ್ಲಗೆ ಎಳೆದು ಸಾಲಿಗೆ ತರೋಣ ಅಂದರು. ಹಾಗೇ ಬಿಟ್ಟರೂ ಪಕ್ಕದ ಬಾಚಿಹಲ್ಲಿನ ಬೇರನ್ನು ಕರಗಿಸಿಬಿಡಬಹುದಂತೆ. ಹಲ್ಲನ್ನು ಎಲ್ಲ ಕಡೆಯಿಂದ ತೋರಿಸುವ ಸಿಬಿಸಿಟಿ ಸ್ಕ್ಯಾನಿನಲ್ಲಿ ಆ ಬೇರು ಇನ್ನೂ ಕರಗದೆ ಸರಿಯಾಗೇ ಇತ್ತು. ನೂರರಲ್ಲಿ ಸುಮಾರು ಇಬ್ಬರಿಗೆ ಕೋರೆಹಲ್ಲು ಹೀಗೆ ಒಳಗೇ ಉಳಿದುಬಿಡುತ್ತದೆ, ಹೆಣ್ಣುಮಕ್ಕಳಲ್ಲೇ ಜಾಸ್ತಿ ಎಂದೂ ಹೇಳಿದರು.

ಮೊದಲು ಕ್ಲಿಪ್ ಹಾಕಿ, ಸ್ಪ್ರಿಂಗ್ ಇಟ್ಟು, ಸಾಲಿನಲ್ಲಿ ಜಾಗ ಮಾಡಿಕೊಂಡರು. ಅದಕ್ಕೇ ತಿಂಗಳುಗಳು ಹಿಡಿದವು. ಆಮೇಲೆ ಬಂತು ಆಪರೇಷನ್ ದಿನ.

ಜುಲೈ ಮಳೆ. ಲೋಕಲ್ ತಡವಾಗಿ ಬಂದು ದಾದರ್ ಮುಟ್ಟುವಷ್ಟರಲ್ಲಿ ಇಬ್ಬರೂ ತೊಯ್ದಿದ್ದೆವು. ನನ್ನನ್ನೂ ಒಳಗೆ ಬಿಟ್ಟರು. ಅಂಗುಳಕ್ಕೆ ಇಂಜೆಕ್ಷನ್ ಚುಚ್ಚಿದಾಗ ಮಗಳು ನನ್ನ ಬೆರಳನ್ನು ಹಿಂಡಿಬಿಟ್ಟಳು. ಇಡೀ ದಿನದಲ್ಲಿ ಹೆಚ್ಚು ನೋವಾಗಿದ್ದು ಅದೇ. "ಘಾಬರೂ ನಕೋ ಬಾಳಾ" (ಹೆದರಬೇಡ ಮಗು) ಎಂದು ಮರಾಠಿಯಲ್ಲಿ ಎನ್ನುತ್ತಲೇ ಡಾಕ್ಟರು ಅಂಗುಳದ ಚರ್ಮ ಬಿಡಿಸಿ, ತೆಳ್ಳಗಿನ ಮೂಳೆಯನ್ನು ಸ್ವಲ್ಪ ಕೆರೆದರು. ಕೆಂಪಿನ ನಡುವೆ ಬೆಳ್ಳಗೆ ಅಕ್ಕಿಕಾಳಿನಷ್ಟು ಕಾಣಿಸಿತು. ಅಲ್ಲಿಂದ ಮುಂದಿನದೇ ನಾಜೂಕಿನ ಕೆಲಸ. ಒದ್ದೆ ಇದ್ದರೆ ಅಂಟು ಹಿಡಿಯುವುದಿಲ್ಲ, ಅಲ್ಲಿ ನೋಡಿದರೆ ರಕ್ತ ಜಿನುಗುತ್ತಲೇ ಇದೆ. ಗಾಜ್ ಬಟ್ಟೆ ಒತ್ತಿ ಹಿಡಿದರು, ಒರೆಸಿದರು. ನೀಲಿ ಜೆಲ್ ಹಚ್ಚಿ ತೊಳೆದು ಗಾಳಿ ಊದುವಷ್ಟರಲ್ಲಿ ಮತ್ತೆ ರಕ್ತ. ಪುನಃ ಮೊದಲಿಂದ. ಕೊನೆಗೆ ಲೋಹದ ಪುಟ್ಟ ಬಟನ್ ಅಂಟಿಸಿ, ಲೈಟ್ ಹಿಡಿದು ಗಟ್ಟಿ ಮಾಡಿದರು. ಅದಕ್ಕೆ ದಾರದಷ್ಟು ಸಣ್ಣ ಚಿನ್ನದ ಬಣ್ಣದ ಸರಪಳಿ. ಚರ್ಮ ಮುಚ್ಚಿ ಹೊಲಿದು, ಸರಪಳಿಯ ತುದಿಯನ್ನು ಹೊರಗಿನ ತಂತಿಗೆ ಕಟ್ಟಿದರು. ಆ ಸಹನೆಗೆ ನಾನು ಕೈಮುಗಿದೆ.

ಮನೆಯಲ್ಲಿ ಅತ್ತೆ ಗಂಜಿ ಮಾಡಿ ಆರಿಸಿಟ್ಟಿದ್ದರು. "ನಿದ್ದೆಯಲ್ಲಿ ಆ ಸರಪಳಿ ನುಂಗಿದರೆ ಏನು ಗತಿ ಮಾರಾಯ್ತಿ?" ಎಂಬುದೊಂದೇ ಅವರ ಚಿಂತೆ. ಮೊಮ್ಮಗಳ ಬಾಯಿ ತೆರೆಸಿ, ಕಟ್ಟಿದ ಗಂಟನ್ನು ಟಾರ್ಚ್ ಹಾಕಿ ತೋರಿಸಿದ ಮೇಲೇ ಸಮಾಧಾನವಾಯಿತು.

ಆಮೇಲೆ ತಿಂಗಳಿಗೊಮ್ಮೆ ದಾದರು. ಪ್ರತಿಸಲ ಸರಪಳಿಯ ಒಂದೋ ಎರಡೋ ಕೊಂಡಿ ಕತ್ತರಿಸಿ ಮತ್ತೆ ಬಿಗಿಯುತ್ತಾರೆ. ಬೇಗ ಬರಲೆಂದು ಜೋರಾಗಿ ಎಳೆದರೆ ಬೇರಿಗೇ ಪೆಟ್ಟು. ತಿಂಗಳಿಗೆ ಒಂದು ಮಿಲಿಮೀಟರ್ ಸರಿದರೂ ಒಳ್ಳೆಯದೇ. ಈಗ ಹಲ್ಲಿನ ತುದಿ ಅಂಗುಳದಲ್ಲಿ ಹೊರಬಂದಿದೆ, ಸಾಲಿಗೆ ಸೇರುವುದು ಬಾಕಿ.

ನನಗೆ ಸಂಕಟವಾಗುವುದು ಬೇರೆ ಕಾರಣಕ್ಕೆ. ಒಂಬತ್ತು-ಹತ್ತನೇ ವಯಸ್ಸಿನಲ್ಲಿ ಹಾಲುಹಲ್ಲಿನ ಮೇಲಿನ ಒಸಡನ್ನು ಬೆರಳಿಂದ ಒತ್ತಿ ನೋಡಿದರೆ, ಬರಲಿರುವ ಕೋರೆಹಲ್ಲಿನ ಉಬ್ಬು ಸಾಮಾನ್ಯವಾಗಿ ಕೈಗೆ ಸಿಗುತ್ತದೆ. ಸಿಗದಿದ್ದರೆ ಎಕ್ಸ್‌ರೇ. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10ರಿಂದ 13 ವರ್ಷದ ಮಕ್ಕಳ ಹಾಲು ಕೋರೆಹಲ್ಲು ಕಿತ್ತಿದ್ದಷ್ಟಕ್ಕೇ, ಅಂಗುಳದ ಕಡೆ ದಾರಿ ತಪ್ಪಿದ್ದ 46 ಹಲ್ಲುಗಳಲ್ಲಿ 36 ಸರಿದಾರಿಗೆ ಬಂದವು. ಶಾಲೆಯ ತಪಾಸಣೆಯಲ್ಲಿ ಹುಳುಕು ಹಲ್ಲು ಎಣಿಸುವವರು ಒಂದು ಬೆರಳು ಒಸಡಿನ ಮೇಲೂ ಇಡಬಾರದೇ?

ಇದು ಕುಟುಂಬಗಳಲ್ಲಿ ಬರುವುದುಂಟು ಎಂದು ಡಾಕ್ಟರು ಹತ್ತು ವರ್ಷದ ಮಗನನ್ನೂ ಕರೆಸಿ ಒಸಡು ಮುಟ್ಟಿ ನೋಡಿದರು. ಎಡಗಡೆ ಉಬ್ಬು ಸಿಕ್ಕಿತು. ಬಲಗಡೆ ಸಿಗಲಿಲ್ಲ. ಮುಂದಿನ ಸಲ ಅಕ್ಕನ ಜೊತೆ ಅವನಿಗೂ ಒಪಿಜಿ.